ಏಳು ಬಣ್ಣದ ಪೊಟ್ಟಣಗಳು

ವಿಜಯಪುರದಲ್ಲಿ ಸೊಲ್ಲಾಪುರ ರಸ್ತೆ ಹಿಡಿದು ಹೊರಟರೆ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಸಿಗುತ್ತದೆ. 1910ರಲ್ಲಿ ಹುಟ್ಟಿದ, ಫ.ಗು. ಹಳಕಟ್ಟಿಯವರ ಹೆಸರಿನೊಂದಿಗೆ ಬೆಸೆದುಕೊಂಡ ಸಂಸ್ಥೆ ಅದು. ವೈದ್ಯಕೀಯ ಕಾಲೇಜು ಶುರುವಾದದ್ದು 1986ರಲ್ಲಿ. ರಸ್ತೆ ಮುಂದೆ ಹೊರ್ತಿ, ಝಳಕಿ, ಧೂಳಖೇಡಗಳನ್ನು ದಾಟಿ, ಭೀಮಾ ನದಿಯ ಆಚೆ ಮಹಾರಾಷ್ಟ್ರಕ್ಕೆ ಇಳಿಯುತ್ತದೆ. ಕಬ್ಬು ಕಡಿಯಲು, ಕಟ್ಟಡ ಕಟ್ಟಲು, ಲಾರಿ ಹೊಡೆಯಲು ಈ ಜಿಲ್ಲೆಯ ಜನ ತಲೆಮಾರುಗಳಿಂದ ಇದೇ ದಾರಿಯಲ್ಲಿ, ಇಲ್ಲವೇ ತಿಕೋಟಾ ಮೇಲಿನ ಅಥಣಿ ದಾರಿಯಲ್ಲಿ ಹೋಗಿ ಬರುತ್ತಿದ್ದಾರೆ.

ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗದ ಪೂರ್ತಿ ಹೆಸರಿನಲ್ಲಿ ಲೈಂಗಿಕ ರೋಗವೂ ಸೇರಿರುತ್ತದೆ. ಆ ಬಾಗಿಲಿಗೆ ಬಂದವರು ಮೊದಲ ಮಾತಿಗೇ ಕಷ್ಟ ಹೇಳಿಕೊಳ್ಳುವುದು ಅಪರೂಪ. ತುರಿಕೆ, ಸೊಂಟನೋವು, ಸುಸ್ತು ಎಂದು ಶುರುಮಾಡುತ್ತಾರೆ. ಹೆಂಗಸರು ‘ಉಷ್ಣ ಆಗ್ಯಾದ್ರಿ’ ಅನ್ನುತ್ತಾರೆ, ಗಂಡಸರು ‘ಉರಿಮೂತ್ರ ಅದರಿ’ ಅನ್ನುತ್ತಾರೆ. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಬಾಗಿಲು ಮುಂದೆ ಮಾಡಿದ ಮೇಲೆ ಬಿಳಿ ಹೋಗುವುದು, ಹುಣ್ಣು, ತೊಡೆಸಂದಿನಲ್ಲಿ ಗಡ್ಡೆ, ಕೂಡುವಾಗ ನೋವು ಎಂಬ ಮಾತುಗಳು ಹೊರಬರುತ್ತವೆ. ಆ ಹೊತ್ತಿಗೆ ಎಷ್ಟೋ ಜನ ಔಷಧ ಅಂಗಡಿಯ ಎರಡು ಮೂರು ಬಗೆಯ ಮಾತ್ರೆ ನುಂಗಿ ಆಗಿರುತ್ತದೆ.

ಇಂಥವರಿಗಾಗಿ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಕೊಠಡಿಗಳನ್ನು ತೆರೆದಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಈ ಕ್ಲಿನಿಕ್ಕುಗಳಿಗಾಗಿ ಏಳು ಬಣ್ಣದ ಔಷಧ ಪೊಟ್ಟಣಗಳನ್ನು ರೂಪಿಸಿತು. ಗಂಡಸರ ಮೂತ್ರನಾಳದಿಂದ ಕೀವು ಬಂದರೆ, ಅಥವಾ ಹೆಂಗಸರ ಗರ್ಭಕಂಠಕ್ಕೆ ಸೋಂಕಾದರೆ ಬೂದು. ಯೋನಿಯ ಸೋಂಕಿಗೆ ಹಸಿರು. ಜನನಾಂಗದ ಹುಣ್ಣಿಗೆ ಬಿಳಿ. ಆ ರೋಗಿಗೆ ಪೆನಿಸಿಲಿನ್ ಒಗ್ಗದಿದ್ದರೆ ನೀಲಿ. ಹುಣ್ಣು ಹರ್ಪಿಸ್‌ನದಾದರೆ ಕೆಂಪು. ಕಿಬ್ಬೊಟ್ಟೆ ನೋವಿಗೆ ಹಳದಿ. ತೊಡೆಸಂದಿನ ಗಡ್ಡೆಗೆ ಕಪ್ಪು. ಪ್ರಯೋಗಾಲಯವಿಲ್ಲದ ಊರಿನಲ್ಲೂ, ಮತ್ತೆ ಬರುತ್ತಾರೋ ಇಲ್ಲವೋ ಎಂಬ ಖಾತ್ರಿಯಿಲ್ಲದ ರೋಗಿಗೂ ಅಂದೇ ಔಷಧ ಸಿಗಬೇಕೆಂಬುದು ಇದರ ಹಿಂದಿನ ಯೋಚನೆ. ಲಕ್ಷಣ ನೋಡಿ, ಆ ಲಕ್ಷಣಕ್ಕೆ ಕಾರಣವಾಗಬಲ್ಲ ಮುಖ್ಯ ರೋಗಾಣುಗಳಿಗೆಲ್ಲ ಒಟ್ಟಿಗೆ ಔಷಧ ಕೊಡುವ ಈ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಬಡ ದೇಶಗಳಲ್ಲೆಲ್ಲ ಹರಡಿತು. ಲಕ್ಷಾಂತರ ಜನರಿಗೆ ಇದರಿಂದ ಉಪಕಾರವಾಗಿದೆ. ಹುಣ್ಣು ಮತ್ತು ಗಂಡಸರ ಕೀವಿನ ವಿಷಯದಲ್ಲಿ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೆಂಗಸರ ಬಿಳಿ ಹೋಗುವ ವಿಷಯದಲ್ಲಿ ಮಾತ್ರ ಲೆಕ್ಕ ತಪ್ಪುತ್ತದೆ. ಈ ಅಧ್ಯಾಯದ ಒಂದು ದೊಡ್ಡ ಭಾಗವನ್ನು ಆ ತಪ್ಪಿಗೇ ಮೀಸಲಿಡುತ್ತೇನೆ, ಏಕೆಂದರೆ ಅದರ ಬೆಲೆಯನ್ನು ತೆತ್ತವರು ನಮ್ಮ ಭಾಗದ ಹೆಣ್ಣುಮಕ್ಕಳು.

ಆರೋಗ್ಯವಂತ ಹೆಂಗಸಿನ ಯೋನಿ ಸದಾ ಒದ್ದೆಯಾಗಿರುತ್ತದೆ. ಅಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ನೆಲೆಸಿರುತ್ತವೆ. ಇದೇ ಕುಲದ ಬೇರೆ ಜಾತಿಗಳು ನಮ್ಮ ಮನೆಯ ಮೊಸರಿನ ಗಡಿಗೆಯಲ್ಲೂ ಇವೆ. ಜೀವಕೋಶಗಳಲ್ಲಿ ಸಂಗ್ರಹವಾದ ಗ್ಲೈಕೋಜನ್ ಎಂಬ ಪಿಷ್ಟದಿಂದ ಬರುವ ಸಕ್ಕರೆಯನ್ನು ತಿಂದು ಇವು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಅದರಿಂದ ಅಲ್ಲಿನ ಪಿಎಚ್ ಸಾಮಾನ್ಯವಾಗಿ 4.5ಕ್ಕಿಂತ ಕೆಳಗಿರುತ್ತದೆ. ಆ ಹುಳಿಯಲ್ಲಿ ಹೆಚ್ಚಿನ ರೋಗಾಣುಗಳು ಬಾಳಲಾರವು. ಜರ್ಮನಿಯ ಆಲ್ಬರ್ಟ್ ಡೋಡರ್‌ಲೈನ್ 1892ರಲ್ಲೇ ಇದನ್ನು ವಿವರಿಸಿದ್ದ. ಮುಟ್ಟಿನ ಚಕ್ರದ ನಡುವೆ ಅಂಡ ಬಿಡುಗಡೆಯಾಗುವ ದಿನಗಳಲ್ಲಿ, ಬಸುರಿಯಲ್ಲಿ, ಕೂಡುವ ಹೊತ್ತಿನಲ್ಲಿ ಈ ದ್ರವ ಹೆಚ್ಚುತ್ತದೆ. ತಿಳಿಯಾಗಿ ಅಥವಾ ಹಾಲಿನಂತೆ ಬೆಳ್ಳಗಿದ್ದು, ಕೆಟ್ಟ ವಾಸನೆಯಾಗಲಿ ತುರಿಕೆಯಾಗಲಿ ಇಲ್ಲದಿದ್ದರೆ ಅದು ರೋಗವೇ ಅಲ್ಲ. ಅದಕ್ಕೆ ಔಷಧವೂ ಬೇಡ. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆದರೆ ಕಾವಲು ಕಾಯುವ ಬ್ಯಾಕ್ಟೀರಿಯಾಗಳೇ ಸಾಯುತ್ತವೆ. ಹೊರಭಾಗವನ್ನು ಬರೀ ನೀರಿನಲ್ಲಿ ತೊಳೆದುಕೊಂಡರೆ ಸಾಕು.

ಈ ಕಾವಲು ಸಡಿಲವಾದಾಗ ಮೂರು ಬಗೆಯ ತೊಂದರೆಗಳು ತಲೆಯೆತ್ತುತ್ತವೆ. ಮೂರನ್ನೂ ಬೇರೆ ಮಾಡಲು ಬೇಕಾಗುವುದು ಒಂದು ಸೂಕ್ಷ್ಮದರ್ಶಕ, ಒಂದು ಹನಿ ಉಪ್ಪುನೀರು, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ಐದು ನಿಮಿಷ. ಗಾಜಿನ ಪಟ್ಟಿಯ ಮೇಲೆ ಸ್ರಾವವನ್ನು ಸವರಿ, ಉಪ್ಪುನೀರು ಬೆರೆಸಿ, ತಡಮಾಡದೆ ಕಣ್ಣಿಟ್ಟು ನೋಡಿದರೆ ಪೇರಳೆ ಆಕಾರದ ಜೀವಿಯೊಂದು ಬಾಲಗಳನ್ನು ಬೀಸುತ್ತ, ಎಳೆದೆಳೆದು ಬಿಟ್ಟಂತೆ ಜಗ್ಗಾಡುತ್ತಿರುವುದು ಕಾಣಬಹುದು. ಅದು ಟ್ರೈಕೊಮೊನಾಸ್. ಪಟ್ಟಿ ತಣ್ಣಗಾಗಿ ಅದರ ಓಡಾಟ ನಿಂತುಬಿಟ್ಟರೆ ಬಿಳಿ ರಕ್ತಕಣಗಳ ನಡುವೆ ಅದನ್ನು ಗುರುತಿಸುವುದು ಕಷ್ಟ. ಅದಕ್ಕೇ ಈ ಪರೀಕ್ಷೆಯನ್ನು ರೋಗಿ ಎದುರಿಗಿರುವಾಗಲೇ ಮಾಡಬೇಕು. ಇನ್ನೊಬ್ಬರ ಪಟ್ಟಿಯಲ್ಲಿ ಜೀವಿಗಳ ಓಡಾಟವಿರುವುದಿಲ್ಲ. ಅಗಲವಾದ ಚರ್ಮಕೋಶಗಳ ಅಂಚು ಕಾಣದಷ್ಟು ದಟ್ಟವಾಗಿ ಬ್ಯಾಕ್ಟೀರಿಯಾಗಳು ಮೆತ್ತಿಕೊಂಡಿರುತ್ತವೆ. ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿದರೆ ಥಟ್ಟನೆ ಮೀನಿನ ನಾತ ಹೊಡೆಯುತ್ತದೆ. ಇದು ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್: ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಾಗಿ ಗಾರ್ಡ್ನರೆಲ್ಲಾ ಮುಂತಾದವು ಜಾಗ ಹಿಡಿದ ಸ್ಥಿತಿ. ಮೂರನೆಯ ಪಟ್ಟಿಯಲ್ಲಿ ಹೈಡ್ರಾಕ್ಸೈಡ್ ಕೋಶಗಳನ್ನೆಲ್ಲ ಕರಗಿಸಿದ ಮೇಲೆ ಕವಲೊಡೆದ ಎಳೆಗಳೂ ಮೊಗ್ಗುಗಳೂ ಉಳಿಯುತ್ತವೆ. ಅದು ಕ್ಯಾಂಡಿಡಾ ಎಂಬ ಶಿಲೀಂಧ್ರ. ಒಡೆದ ಹಾಲಿನಂಥ ಗಟ್ಟಿ ಸ್ರಾವ ಮತ್ತು ನಿದ್ದೆ ಬಿಡಿಸುವ ತುರಿಕೆ ಅದರ ಗುರುತು.

ಈ ಮೂರರಲ್ಲಿ ನಿಚ್ಚಳವಾಗಿ ಲೈಂಗಿಕ ಸಂಪರ್ಕದಿಂದ ಬರುವುದು ಟ್ರೈಕೊಮೊನಾಸ್ ಒಂದೇ. ಕ್ಯಾಂಡಿಡಾ ಹೆಚ್ಚಿನವರ ಮೈಯಲ್ಲಿ ಮೊದಲೇ ಇರುತ್ತದೆ. ಬಸಿರು, ಸಕ್ಕರೆ ಕಾಯಿಲೆ, ಬೇರೆ ರೋಗಕ್ಕೆ ನುಂಗಿದ ಆಂಟಿಬಯೋಟಿಕ್ ಇವುಗಳ ನೆಪದಲ್ಲಿ ಹೆಚ್ಚಿಕೊಳ್ಳುತ್ತದೆ. ಗಂಡಸರಲ್ಲೂ ಶಿಶ್ನದ ತುದಿಚರ್ಮ ಪದೇ ಪದೇ ಕೆಂಪಾಗಿ ಬಿರಿಯುತ್ತಿದ್ದರೆ ಮೊದಲು ರಕ್ತದ ಸಕ್ಕರೆ ನೋಡಿಸಬೇಕು. ನಡುವಯಸ್ಸಿನ ಎಷ್ಟೋ ಗಂಡಸರಿಗೆ ಮಧುಮೇಹ ಇರುವುದು ಗೊತ್ತಾಗುವುದೇ ಹೀಗೆ. ಔಷಧಗಳು ಸರಳ: ಕ್ಯಾಂಡಿಡಾಗೆ ಫ್ಲುಕೊನಜೋಲ್ ಅಥವಾ ಯೋನಿಯಲ್ಲಿಡುವ ಮಾತ್ರೆ, ಉಳಿದೆರಡಕ್ಕೆ ಮೆಟ್ರೊನಿಡಜೋಲ್ ಅಥವಾ ಸೆಕ್ನಿಡಜೋಲ್. ಟ್ರೈಕೊಮೊನಾಸ್ ಇದ್ದರೆ ಗಂಡನಿಗೂ ಔಷಧ ಕಡ್ಡಾಯ, ಅವನಿಗೆ ಏನೂ ಅನಿಸದಿದ್ದರೂ. ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್‌ಗೆ ಹೆಂಗಸಿಗಷ್ಟೇ ಔಷಧ ಸಾಕು ಎಂದು ದಶಕಗಳಿಂದ ಕಲಿಸುತ್ತಿದ್ದರು. 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗವೊಂದು ಆ ಪಾಠವನ್ನು ಅಲುಗಾಡಿಸಿತು. ಹೆಂಗಸಿಗೆ ಮಾತ್ರ ಔಷಧ ಕೊಟ್ಟ ಜೋಡಿಗಳಲ್ಲಿ ಮೂರು ತಿಂಗಳೊಳಗೆ ನೂರಕ್ಕೆ 63ರಷ್ಟು ಮಂದಿಗೆ ತೊಂದರೆ ಮರುಕಳಿಸಿತು. ಗಂಡಸಿಗೂ ಮಾತ್ರೆ ಮತ್ತು ಮುಲಾಮು ಕೊಟ್ಟಾಗ ಅದು 35ಕ್ಕೆ ಇಳಿಯಿತು. ‘ಎಷ್ಟು ಔಷಧಿ ತಗೊಂಡ್ರೂ ಮತ್ತ ಬರತದ’ ಎಂದು ಬೇಸತ್ತ ಹೆಣ್ಣುಮಕ್ಕಳ ದೂರಿಗೆ ವಿಜ್ಞಾನ ತಡವಾಗಿ ಕಿವಿಗೊಟ್ಟಿದೆ.

ಇನ್ನೂ ಒಂದು ಗುಂಪಿದೆ. ಬಿಳಿ ಹೋಗುತ್ತದೆ ಎಂದು ಬಂದರೂ ಪರೀಕ್ಷೆಯಲ್ಲಿ ಏನೂ ಸಿಗದವರು. ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸುಮಾರು 2,500 ಹೆಂಗಸರನ್ನು ಅಧ್ಯಯನ ಮಾಡಿದಾಗ, ಈ ದೂರಿಗೆ ಸೋಂಕಿಗಿಂತ ಬಲವಾದ ನಂಟು ಕಂಡದ್ದು ಖಿನ್ನತೆ, ಆಯಾಸ, ಮೈಕೈ ನೋವಿನಂಥ ಸಂಕಟಗಳ ಜೊತೆ. ಸೊಂಟನೋವು, ಸುಸ್ತು, ಬಿಳಿ ಹೋಗುವುದು ಈ ಮೂರೂ ಒಟ್ಟಿಗೆ ಬಂದಾಗ ಆಕೆಯ ರಕ್ತಹೀನತೆಯನ್ನು, ದುಡಿಮೆಯನ್ನು, ಮನೆಯ ಜಗಳವನ್ನು, ಗಂಡನ ಕುಡಿತವನ್ನು ವಿಚಾರಿಸಬೇಕು. ಹಸಿರು ಪೊಟ್ಟಣದಲ್ಲಿ ಅದಕ್ಕೆ ಮದ್ದಿಲ್ಲ. ಹಾಗೆಂದು ಹೆಂಗಸರ ದೂರೆಲ್ಲ ಮನಸ್ಸಿನದು ಎಂದು ತಳ್ಳಿಹಾಕುವವರಿಗೆ ಮಹಾರಾಷ್ಟ್ರದ ಗಡ್ಚಿರೋಲಿಯ ಉತ್ತರವಿದೆ. ವೈದ್ಯೆ ರಾಣಿ ಬಂಗ್ ಅಲ್ಲಿನ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು: ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು, ಅದಕ್ಕೆ ಮೊದಲು ವೈದ್ಯರಿಂದ ಪರೀಕ್ಷೆ ಆಗಿದ್ದವರು ನೂರಕ್ಕೆ ಬರೀ ಎಂಟು. ಮೈಸೂರಿನಲ್ಲಿ ಪೂರ್ಣಿಮಾ ಮಾಧಿವಣನ್ ತಂಡ 898 ಹೆಂಗಸರನ್ನು ಪರೀಕ್ಷಿಸಿದಾಗ ನೂರಕ್ಕೆ 19 ಮಂದಿಯಲ್ಲಿ ಬ್ಯಾಕ್ಟೀರಿಯಲ್ ವ್ಯಾಜಿನೋಸಿಸ್ ಕಂಡಿತು. ಅಂದರೆ ರೋಗವಿದೆಯೋ ಇಲ್ಲವೋ ಎಂಬುದು ಪಟ್ಟಿಯ ಮೇಲೆ ನೋಡಿದರೇ ತಿಳಿಯುವ ಸಂಗತಿ.

ನೋಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕಲಬುರಗಿ ಜಿಲ್ಲೆ ಸಾಕ್ಷಿ. 2010ರ ದಶಕದಲ್ಲಿ ಅಲ್ಲಿನ ತಾಂಡಾಗಳ ಮತ್ತು ಹಳ್ಳಿಗಳ ಬಡ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ತೆಗೆದುಹಾಕಿದ್ದು ಬೆಳಕಿಗೆ ಬಂತು. ಸರ್ಕಾರದ ತನಿಖೆಗಳು ನಡೆದವು. 2017ರಲ್ಲಿ ಆ ಹೆಂಗಸರೇ ಬೀದಿಗಿಳಿದು ಪ್ರತಿಭಟಿಸಿದರು. ಅವರಲ್ಲಿ ಹಲವರು ಆಸ್ಪತ್ರೆಗೆ ಹೋದದ್ದು ಬಿಳಿ ಹೋಗುವುದು, ಹೊಟ್ಟೆನೋವು, ಸೊಂಟನೋವು ಎಂದು. ಅಲ್ಲಿನ ವೈದ್ಯರು ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದರು. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ 82 ಸಾವಿರ ಹೆಂಗಸರ ಸಮೀಕ್ಷೆ ನಡೆಸಿದಾಗ 13 ಸಾವಿರಕ್ಕೂ ಹೆಚ್ಚು ಜನರಿಗೆ ಗರ್ಭಕೋಶವೇ ಇರಲಿಲ್ಲ. ಕೆಲವೇ ರೂಪಾಯಿಯ ಮಾತ್ರೆಗೆ ವಾಸಿಯಾಗುವ ಸೋಂಕಿಗೆ, ಕೆಲವೊಮ್ಮೆ ರೋಗವೇ ಅಲ್ಲದ ಸ್ರಾವಕ್ಕೆ, ಮೂವತ್ತರ ಹರೆಯದಲ್ಲಿ ಗರ್ಭಕೋಶ ಕಳೆದುಕೊಳ್ಳುವುದು ಅನ್ಯಾಯ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಎಳೆಯ ವಯಸ್ಸಿಗೇ ಮುಟ್ಟು ನಿಂತ ಹೆಂಗಸರ ಎಲ್ಲ ತೊಂದರೆಗಳೂ, ಮೂಳೆ ಸವೆತವೂ ಅಂಟಿಕೊಳ್ಳುತ್ತವೆ. ಬಿಳಿ ಹೋಗುವುದಕ್ಕೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ಯಾರಾದರೂ ಹಾಗೆ ಹೇಳಿದರೆ ಸಹಿ ಹಾಕುವ ಮುಂಚೆ ಇನ್ನೊಬ್ಬ ವೈದ್ಯರನ್ನು, ಸಾಧ್ಯವಾದರೆ ವೈದ್ಯಕೀಯ ಕಾಲೇಜಿನ ಸ್ತ್ರೀರೋಗ ವಿಭಾಗವನ್ನು ಕಾಣಬೇಕು.

ಇಷ್ಟೂ ಸದ್ದು ಮಾಡುವ ಸೋಂಕುಗಳ ಮಾತಾಯಿತು. ನಿಜವಾದ ಕೇಡು ಮಾಡುವವು ಸದ್ದೇ ಮಾಡುವುದಿಲ್ಲ.

ಕ್ಲಮೈಡಿಯಾ ಮತ್ತು ಗೊನೋರಿಯಾ ಗರ್ಭಕಂಠದಲ್ಲಿ ಬೇರೂರುವ ಎರಡು ಬ್ಯಾಕ್ಟೀರಿಯಾಗಳು. ಗೊನೋರಿಯಾ ತಗಲಿದ ಗಂಡಸಿಗೆ ಸಾಮಾನ್ಯವಾಗಿ ವಾರದೊಳಗೆ ಉರಿ ಮತ್ತು ಹಳದಿ ಕೀವು ಕಾಣುತ್ತದೆ. ಅವನು ಔಷಧ ಹುಡುಕಿಕೊಂಡು ಹೋಗುತ್ತಾನೆ. ಹೆಂಗಸರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಕ್ಲಮೈಡಿಯಾ ಅಂತೂ ಇಬ್ಬರಲ್ಲೂ ಬಹುಪಾಲು ಮೌನ. ತಿಂಗಳುಗಳು ಕಳೆದಂತೆ ಸೋಂಕು ಗರ್ಭಕೋಶವನ್ನು ಹತ್ತಿ ಗರ್ಭನಾಳಗಳನ್ನು ತಲುಪುತ್ತದೆ. ಕೂದಲೆಳೆಯಷ್ಟು ಕಿರಿದಾದ ಆ ನಾಳದ ಒಳಗೋಡೆಯಲ್ಲಿ ಗಾಯವಾಗಿ, ಕಲೆಗಟ್ಟಿ, ದಾರಿ ಮುಚ್ಚುತ್ತದೆ. ಅರ್ಧ ಮುಚ್ಚಿದರೆ ಭ್ರೂಣ ನಾಳದಲ್ಲೇ ಸಿಕ್ಕಿಕೊಂಡು ಬೆಳೆದು, ಒಡೆದು, ಪ್ರಾಣಕ್ಕೆ ಎರವಾಗಬಹುದು. ಪೂರ್ತಿ ಮುಚ್ಚಿದರೆ ಮಕ್ಕಳಾಗುವುದಿಲ್ಲ. ಮದುವೆಯಾಗಿ ಐದು ವರ್ಷಕ್ಕೆ ಮಕ್ಕಳಾಗಲಿಲ್ಲ ಎಂದು ಊರು ಆಕೆಯನ್ನು ಬಂಜೆ ಎನ್ನುತ್ತದೆ, ಅತ್ತೆಮನೆ ಮಗನಿಗೆ ಎರಡನೆಯ ಹೆಣ್ಣು ನೋಡುತ್ತದೆ. ಗಂಡ ಮದುವೆಗೆ ಮೊದಲು ಊರೂರು ತಿರುಗುವಾಗ ತಂದ ಸೋಂಕು ಆ ನಾಳಗಳನ್ನು ಮುಚ್ಚಿದ ಪ್ರಸಂಗಗಳೂ ಇರುತ್ತವೆ. ಅವನು ಅಂಗಡಿಯ ಮಾತ್ರೆಯಲ್ಲಿ ವಾಸಿಯಾಗಿ ಅದನ್ನು ಮರೆತಿರುತ್ತಾನೆ.

ಬೂದು ಪೊಟ್ಟಣದಲ್ಲಿ ಎರಡು ಔಷಧಗಳಿರುವುದು ಈ ಎರಡು ರೋಗಾಣುಗಳಿಗಾಗಿ. ಕ್ಲಮೈಡಿಯಾ ನಮ್ಮ ಜೀವಕೋಶದ ಒಳಗೇ ಹೊಕ್ಕು ಬದುಕುವುದರಿಂದ ಅದಕ್ಕೆ ಕೋಶದೊಳಗೆ ಇಳಿಯಬಲ್ಲ ಅಜಿಥ್ರೊಮೈಸಿನ್ ಅಥವಾ ಡಾಕ್ಸಿಸೈಕ್ಲಿನ್ ಬೇಕು. ಗೊನೋರಿಯಾಕ್ಕೆ ಸೆಫಿಕ್ಸಿಮ್ ಇಟ್ಟಿದ್ದರು. ಆದರೆ ಗೊನೋರಿಯಾದಷ್ಟು ಬೇಗ ಔಷಧಗಳನ್ನು ಸೋಲಿಸಿದ ಬ್ಯಾಕ್ಟೀರಿಯಾಗಳು ಕಡಿಮೆ. 1930ರ ದಶಕದ ಸಲ್ಫಾ ಔಷಧಗಳು ಹತ್ತೇ ವರ್ಷದಲ್ಲಿ ಮೊಂಡಾದವು. ಪೆನಿಸಿಲಿನ್ ಅನ್ನು ಮುರಿಯುವ ಕಿಣ್ವ ಹೊತ್ತ ತಳಿ 1976ರಲ್ಲಿ ಕಾಣಿಸಿತು. ಸಿಪ್ರೊಫ್ಲಾಕ್ಸಾಸಿನ್ ನಮ್ಮ ದೇಶದಲ್ಲಿ ಕೈಬಿಟ್ಟು ಬಹಳ ಕಾಲವಾಯಿತು. ಈಗ ವಿಶ್ವ ಆರೋಗ್ಯ ಸಂಸ್ಥೆ ಮುಂದೆ ಮಾಡುತ್ತಿರುವುದು ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದನ್ನು. ಈ ಬ್ಯಾಕ್ಟೀರಿಯಾ ಸುತ್ತಮುತ್ತಲ ಡಿಎನ್ಎ ತುಣುಕುಗಳನ್ನು ಹೀರಿ ತನ್ನದಾಗಿಸಿಕೊಳ್ಳುವ ಶಕ್ತಿಯುಳ್ಳದ್ದು. ಬೇರೊಂದು ಕಾಯಿಲೆಗೆ ಅರ್ಧಂಬರ್ಧ ನುಂಗಿದ ಆಂಟಿಬಯೋಟಿಕ್‌ ಕೂಡ ಅದಕ್ಕೆ ತಾಲೀಮು ಕೊಡುತ್ತದೆ. ಔಷಧ ಅಂಗಡಿಯಲ್ಲಿ ‘ಉರಿಮೂತ್ರಕ್ಕ ಎರಡು ಗುಳಗಿ ಕೊಡ್ರಿ’ ಎಂದು ಕೇಳುವುದು ಅದಕ್ಕೇ ಅಪಾಯ. ಮಾರ್ಗಸೂಚಿಗಳು ಬದಲಾಗುತ್ತಲೇ ಇರುತ್ತವೆ. ಈ ಪುಟಗಳಲ್ಲಿನ ಔಷಧಗಳ ಹೆಸರನ್ನು ಚೀಟಿಯಂತೆ ಬಳಸಬೇಡಿ.

ಸಿಫಿಲಿಸ್‌ನ ಚರಿತ್ರೆ ವಿಜಯಪುರಕ್ಕೆ ಹತ್ತಿರದ್ದು. 1498ರಲ್ಲಿ ವಾಸ್ಕೋ ಡ ಗಾಮಾ ಬಂದ, 1510ರಲ್ಲಿ ಪೋರ್ಚುಗೀಸರು ಬಿಜಾಪುರದ, ಅಂದರೆ ಈಗಿನ ವಿಜಯಪುರದ, ಆದಿಲಶಾಹಿಯಿಂದ ಗೋವೆಯನ್ನು ಕಿತ್ತುಕೊಂಡರು. ಹದಿನಾರನೆಯ ಶತಮಾನದ ವೈದ್ಯ ಭಾವಮಿಶ್ರ ತನ್ನ ‘ಭಾವಪ್ರಕಾಶ’ದಲ್ಲಿ ಫಿರಂಗ ರೋಗ ಎಂಬ ಹೆಸರಿನಲ್ಲಿ ಸಿಫಿಲಿಸ್ ಅನ್ನು ವರ್ಣಿಸಿದ, ಹಳೆಯ ವೈದ್ಯಗ್ರಂಥಗಳಲ್ಲಿ ಇಲ್ಲದ ಹೊಸ ರೋಗವದು. ಪಾದರಸ ಮತ್ತು ಚೋಪಚೀನಿ ಆಗಿನ ಮದ್ದು. ಪಾದರಸ ರೋಗಕ್ಕಿಂತ ಹೆಚ್ಚಾಗಿ ರೋಗಿಯನ್ನು ಹಣ್ಣು ಮಾಡುತ್ತಿತ್ತು. ಯೂರೋಪಿನಲ್ಲೂ ಅದೇ ಕಥೆ. ರೋಗಾಣು ಕಣ್ಣಿಗೆ ಬಿದ್ದದ್ದು 1905ರಲ್ಲಿ, ಬರ್ಲಿನ್ನಿನ ಶೌಡಿನ್ ಮತ್ತು ಹಾಫ್‌ಮನ್ ಅವರಿಗೆ: ಸುರುಳಿ ಸುತ್ತಿದ, ಬಣ್ಣ ಹಿಡಿಯದ ತೆಳ್ಳನೆಯ ಟ್ರೆಪೊನೀಮಾ. ಅದೇ ವರ್ಷ ಮದರಾಸಿನಲ್ಲಿ ಚಾರ್ಲ್ಸ್ ಡೊನೊವನ್ ಇನ್ನೊಂದು ಬಗೆಯ ಜನನಾಂಗದ ಹುಣ್ಣಿನ ರೋಗಾಣುವನ್ನು ಗುರುತಿಸಿದ. ಅವನ ಹೆಸರಿನ ಡೊನೊವನೋಸಿಸ್ ಈಗ ನಮ್ಮಲ್ಲಿ ಬಹುತೇಕ ಕಾಣಸಿಗದು.

ಸಿಫಿಲಿಸ್ ಹುಣ್ಣಿನ ವಿಶೇಷವೆಂದರೆ ಅದು ನೋಯುವುದಿಲ್ಲ. ಸಂಪರ್ಕವಾಗಿ ಸುಮಾರು ಮೂರು ವಾರಕ್ಕೆ ಗಟ್ಟಿ ಅಂಚಿನ ಒಂದೇ ಹುಣ್ಣು ಮೂಡಿ, ಏನೂ ಮಾಡದಿದ್ದರೂ ತಿಂಗಳೊಪ್ಪತ್ತಿನಲ್ಲಿ ಒಣಗಿಹೋಗುತ್ತದೆ. ಹೆಂಗಸರಲ್ಲಿ ಒಳಗೆ ಮೂಡಿದರೆ ಕಾಣುವುದೂ ಇಲ್ಲ. ದೇವರಿಗೆ ಹರಕೆ ಹೊತ್ತವರಿಗೆ ಹರಕೆ ಫಲಿಸಿದಂತೆ, ಅಂಗಡಿ ಮುಲಾಮು ಹಚ್ಚಿದವರಿಗೆ ಮುಲಾಮು ಗುಣಕೊಟ್ಟಂತೆ ಕಾಣುತ್ತದೆ. ಕೆಲವು ವಾರಗಳ ನಂತರ ಮೈಮೇಲೆ, ಅಂಗೈ ಅಂಗಾಲಿನ ಮೇಲೂ, ತುರಿಕೆಯಿಲ್ಲದ ತಾಮ್ರಬಣ್ಣದ ಕಲೆಗಳು ಏಳುತ್ತವೆ. ಅವೂ ಮಾಯವಾಗುತ್ತವೆ. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ರಕ್ತಪರೀಕ್ಷೆಯಲ್ಲಿ ಮಾತ್ರ ಸುಳಿವು ಸಿಗುತ್ತದೆ. ಚಿಕಿತ್ಸೆಯಿಲ್ಲದ ಕೆಲವರಲ್ಲಿ ಹತ್ತಿಪ್ಪತ್ತು ವರ್ಷಗಳ ಮೇಲೆ ಹೃದಯದ ಮಹಾಪಧಮನಿ, ಮಿದುಳು, ಬೆನ್ನುಹುರಿ ಕೆಡುತ್ತವೆ. ಬಸುರಿಯಲ್ಲಿದ್ದರೆ ಕೂಸು ಹೊಟ್ಟೆಯಲ್ಲೇ ಸಾಯಬಹುದು, ಇಲ್ಲವೇ ರೋಗ ಹೊತ್ತು ಹುಟ್ಟಬಹುದು. ಬಸುರಿಯರಿಗೆಲ್ಲ ಎಚ್‌ಐವಿ ಜೊತೆ ಸಿಫಿಲಿಸ್ ಪರೀಕ್ಷೆಯನ್ನೂ ಮಾಡಬೇಕೆಂಬ ನಿಯಮ ಇರುವುದು ಇದಕ್ಕೆ.

ಇಷ್ಟು ಕುತಂತ್ರಿಯಾದ ರೋಗ ಪೆನಿಸಿಲಿನ್ ಮುಂದೆ ಮಾತ್ರ ಇಂದಿಗೂ ತಲೆಬಾಗುತ್ತದೆ. 1943ರಲ್ಲಿ ಅಮೆರಿಕದ ಜಾನ್ ಮಹೋನಿ ಸಿಫಿಲಿಸ್‌ಗೆ ಪೆನಿಸಿಲಿನ್ ಕೊಟ್ಟು ಗೆದ್ದ. ಎಂಟು ದಶಕಗಳಾದರೂ ಆ ಔಷಧಕ್ಕೆ ಟ್ರೆಪೊನೀಮಾ ಪ್ರತಿರೋಧ ಬೆಳೆಸಿಕೊಂಡಿಲ್ಲ. ಪೆನಿಸಿಲಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಅದು ಎರಡಾಗಿ ಒಡೆದು ಹೊಸ ಗೋಡೆ ಕಟ್ಟಿಕೊಳ್ಳುವ ಹೊತ್ತಿನಲ್ಲಿ. ಟ್ರೆಪೊನೀಮಾ ಒಮ್ಮೆ ಒಡೆಯಲು ಸುಮಾರು 30 ಗಂಟೆ ತೆಗೆದುಕೊಳ್ಳುತ್ತದೆ, ಹಾಗಾಗಿ ಔಷಧ ರಕ್ತದಲ್ಲಿ ದಿನಗಟ್ಟಲೆ ಉಳಿಯಬೇಕು. ಬೆಂಜಥೀನ್ ಪೆನಿಸಿಲಿನ್ ಸ್ನಾಯುವಿನಲ್ಲಿ ಕೂತು ನಿಧಾನವಾಗಿ ಇಳಿಯುತ್ತ ಆ ಕೆಲಸ ಮಾಡುತ್ತದೆ. ಹೊಸ ಸೋಂಕಿಗೆ 24 ಲಕ್ಷ ಯೂನಿಟ್ಟಿನ ಒಂದು ಡೋಸ್ ಸಾಕು. ಹಳೆಯದಾದರೆ ವಾರಕ್ಕೊಂದರಂತೆ ಮೂರು. ಬಿಳಿ ಪೊಟ್ಟಣದ ಮುಖ್ಯ ಔಷಧ ಇದೇ. ಬಸುರಿಗೆ ಹೊತ್ತಿಗೆ ಸರಿಯಾಗಿ ಕೊಟ್ಟರೆ ಕೂಸೂ ಉಳಿಯುತ್ತದೆ.

ವೈರಸ್ಸುಗಳ ಮಾತು ಬೇರೆ. ಹರ್ಪಿಸ್ ನೀರ್ಗುಳ್ಳೆಗಳಾಗಿ ಶುರುವಾಗಿ, ಒಡೆದು, ಉರಿಯುವ ಪುಟ್ಟ ಹುಣ್ಣುಗಳಾಗುತ್ತದೆ. ನರಗಳಲ್ಲಿ ಅಡಗಿದ್ದು ಮತ್ತೆ ಬರುತ್ತದೆ. ಅಸೈಕ್ಲೊವಿರ್ ಅದನ್ನು ಬೇಗ ಅಡಗಿಸುತ್ತದೆ, ಬೇರುಸಹಿತ ಕೀಳದು. ಮಾನವ ಪ್ಯಾಪಿಲೊಮಾ ವೈರಸ್ಸಿನ ಕೆಲವು ಬಗೆಗಳು ನರೂಲಿ ತರುತ್ತವೆ, ಬೇರೆ ಕೆಲವು ವರ್ಷಗಟ್ಟಲೆ ನೆಲೆಯೂರಿ ಗರ್ಭಕಂಠದ ಕ್ಯಾನ್ಸರ್ ತರುತ್ತವೆ. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ 1980ರ ದಶಕದಲ್ಲಿ ಈ ನಂಟನ್ನು ತೋರಿಸಿ 2008ರ ನೊಬೆಲ್ ಪಡೆದರು. ಈಗ ಹುಡುಗಿಯರಿಗೆ ಲಸಿಕೆಯಿದೆ, ನಮ್ಮ ದೇಶದ್ದೇ ಆದ ಸರ್ವಾವ್ಯಾಕ್ ಸಹ ಬಂದಿದೆ. ಮೂವತ್ತು ದಾಟಿದ ಹೆಂಗಸರಿಗೆ ಗರ್ಭಕಂಠಕ್ಕೆ ವಿನೆಗರ್ ದ್ರಾವಣ ಸವರಿ ನೋಡುವ ಸುಲಭ ತಪಾಸಣೆಯೂ ಇದೆ. ಹೆಪಟೈಟಿಸ್ ಬಿ ಕೂಡ ಈ ದಾರಿಯಲ್ಲಿ ಬರುತ್ತದೆ, ಅದಕ್ಕೂ ಲಸಿಕೆಯುಂಟು.

ಎಚ್‌ಐವಿ ಈ ಭಾಗಕ್ಕೆ ಗಾಯ ಮಾಡಿದ ಸೋಂಕು. 2000ರ ಆಸುಪಾಸಿನಲ್ಲಿ ಬೆಳಗಾವಿ, ಬಾಗಲಕೋಟೆ, ಬಿಜಾಪುರ ಜಿಲ್ಲೆಗಳು ದೇಶದ ಆತಂಕದ ಪಟ್ಟಿಯಲ್ಲಿದ್ದವು. ಹುಣ್ಣು ಅಥವಾ ಕೀವಿನ ಸೋಂಕಿದ್ದವರಿಗೆ ಎಚ್‌ಐವಿ ತಗಲುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಸಿಪ್ಪೆ ಸುಲಿದ ಚರ್ಮದಲ್ಲಿ ವೈರಸ್ಸಿಗೆ ದಾರಿ ಸಲೀಸು, ಅಲ್ಲಿ ಜಮಾಯಿಸಿದ ರೋಗನಿರೋಧಕ ಕಣಗಳೇ ಅದರ ಗುರಿ. ಕರ್ನಾಟಕದ 11 ಜಿಲ್ಲೆಗಳ 1,588 ಲೈಂಗಿಕ ಕಾರ್ಯಕರ್ತೆಯರನ್ನು ಮಾತಾಡಿಸಿದ ಅಧ್ಯಯನವೊಂದರಲ್ಲಿ ನೂರಕ್ಕೆ 26 ಮಂದಿ ದೇವದಾಸಿ ಪದ್ಧತಿಯ ಮೂಲಕ ಈ ಬದುಕಿಗೆ ಬಂದವರು. 1982ರ ಕಾನೂನು ಮುತ್ತು ಕಟ್ಟಿ ದೇವದಾಸಿಯಾಗಿಸುವುದನ್ನು ಅಪರಾಧ ಮಾಡಿದ ಮೇಲೂ ಅದರ ನೆರಳು ಉಳಿದಿತ್ತು. ಮಿರಜ್, ಸಾಂಗಲಿ, ಸೊಲ್ಲಾಪುರ, ಗೋವೆಯ ಬೈನಾಗಳಿಗೆ ಅದೇ ಬದುಕಿಗಾಗಿ ನಮ್ಮ ಹೆಣ್ಣುಮಕ್ಕಳು ಹೋದರು.

ರೋಗ ಇಳಿಯಲು ಕಾರಣರಾದವರೂ ಅವರೇ ಎಂಬುದನ್ನು ಒತ್ತಿ ಹೇಳಬೇಕು. ಸಾಂಗಲಿಯಲ್ಲಿ ಸಂಗ್ರಾಮ್ ಸಂಸ್ಥೆಯ ಜೊತೆಗೆ 1996ರಲ್ಲಿ ಕಟ್ಟಿಕೊಂಡ ವ್ಯಾಂಪ್ ಎಂಬ ಲೈಂಗಿಕ ಕಾರ್ಯಕರ್ತೆಯರ ಸಂಘದಲ್ಲಿ ಗಡಿಯ ಕನ್ನಡ ಹೆಣ್ಣುಮಕ್ಕಳೂ ಇದ್ದರು. ಈಚೆ ಕಡೆ 2003ರಿಂದ ಎಚ್‌ಐವಿ ತಡೆಯುವ ಅವಾಹನ್ ಯೋಜನೆಯಡಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಅವರಲ್ಲೇ ಕೆಲವರನ್ನು ತರಬೇತುಗೊಳಿಸಿತು. ಅವರು ಕಾಂಡೋಮ್ ಹಂಚಿದರು, ಗೆಳತಿಯರನ್ನು ಕ್ಲಿನಿಕ್ಕಿಗೆ ಕರೆತಂದರು, ಪೊಲೀಸರ ಹೊಡೆತದ ವಿರುದ್ಧ ನಿಂತರು. ಬೆಳಗಾವಿ, ಬಳ್ಳಾರಿ ಸೇರಿ ಐದು ಜಿಲ್ಲೆಗಳಲ್ಲಿ ಎರಡು ಸಲ ರಕ್ತ ಪರೀಕ್ಷಿಸಿ ಹೋಲಿಸಿದಾಗ, ಲೈಂಗಿಕ ಕಾರ್ಯಕರ್ತೆಯರಲ್ಲಿ ಸಕ್ರಿಯ ಸಿಫಿಲಿಸ್ ನೂರಕ್ಕೆ 5.9ರಿಂದ 3.4ಕ್ಕೆ, ಎಚ್‌ಐವಿ 19.6ರಿಂದ 16.4ಕ್ಕೆ ಇಳಿದಿತ್ತು. ರಾಜ್ಯದ ಬಸುರಿಯರಲ್ಲೂ ಎಚ್‌ಐವಿ ಪ್ರಮಾಣ 2003ರಿಂದ 2007ರ ನಡುವೆ ಸುಮಾರು ಅರ್ಧಕ್ಕಿಳಿಯಿತು. ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳ ಸೊಸೆಯಂದಿರು ಈ ಹೆಂಗಸರ ದುಡಿಮೆಯಿಂದ ಸೋಂಕಿನಿಂದ ಉಳಿದುಕೊಂಡಿದ್ದಾರೆ. ಅವರಿಗೆ ಕೃತಜ್ಞತೆ ಹೇಳಿದವರು ಕಡಿಮೆ.

ಎಚ್‌ಐವಿ ಔಷಧ 2004ರ ಏಪ್ರಿಲ್‌ನಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. 2017ರಿಂದ ಸೋಂಕು ಪತ್ತೆಯಾದ ಕೂಡಲೇ ಔಷಧ ಶುರುಮಾಡುತ್ತಾರೆ. ದಿನವೂ ತಪ್ಪದೆ ನುಂಗಿ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ, ಸೋಂಕಿದೆಯೆಂದು ಕೆಲಸದಿಂದ ತೆಗೆಯುವಂತಿಲ್ಲ.

ಲಕ್ಷಣ ನೋಡಿ ಪೊಟ್ಟಣ ಕೊಡುವ ಪದ್ಧತಿಯ ಮಿತಿ ಈಗ ಎಲ್ಲರಿಗೂ ಗೊತ್ತಾಗಿದೆ. 2021ರಿಂದ ವಿಶ್ವ ಆರೋಗ್ಯ ಸಂಸ್ಥೆಯೂ ಸಾಧ್ಯವಿರುವ ಕಡೆ ಪರೀಕ್ಷೆ ಮಾಡಿಯೇ ಔಷಧ ಕೊಡಿ ಎನ್ನುತ್ತಿದೆ. ಜಗತ್ತಿನಲ್ಲಿ 2020ರ ಒಂದೇ ವರ್ಷ ಕ್ಲಮೈಡಿಯಾ, ಗೊನೋರಿಯಾ, ಸಿಫಿಲಿಸ್, ಟ್ರೈಕೊಮೊನಾಸ್ ನಾಲ್ಕೂ ಸೇರಿ 37.4 ಕೋಟಿ ಹೊಸ ಸೋಂಕುಗಳಾದವು ಎಂಬುದು ಅದೇ ಸಂಸ್ಥೆಯ ಅಂದಾಜು, ಬಹುಪಾಲು ಲಕ್ಷಣವಿಲ್ಲದವು. ನನ್ನ ಅಭಿಪ್ರಾಯದಲ್ಲಿ ತಾಲ್ಲೂಕಿಗೊಂದು ಸೂಕ್ಷ್ಮದರ್ಶಕ ಮತ್ತು ಅದನ್ನು ನೋಡಬಲ್ಲ ತಂತ್ರಜ್ಞರನ್ನು ಬೆಳಗಿನ ಹೊರರೋಗಿ ಸಮಯದಲ್ಲಿ ಕೂರಿಸಿದರೆ ಹೆಂಗಸರ ಅರ್ಧ ಗೋಳು ಕಳೆಯುತ್ತದೆ. ತಿಕೋಟಾ, ಬಬಲೇಶ್ವರ ಎರಡೂ ಈಗ ತಾಲ್ಲೂಕು ಕೇಂದ್ರಗಳೇ. ದ್ರಾಕ್ಷಿ ತೋಟದ ಕೂಲಿ ಬಿಟ್ಟು ವಿಜಯಪುರಕ್ಕೆ ಬರಲಾಗದ ಹೆಂಗಸಿಗೆ ಅಲ್ಲಿಯೇ ಆ ಐದು ನಿಮಿಷದ ಪರೀಕ್ಷೆ ಸಿಗಬೇಕು.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದನ್ನು ಮಾಡಿ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಗುಪ್ತರೋಗಕ್ಕೆ ಖಾತ್ರಿ ಇಲಾಜು ಎಂದು ಲಾಡ್ಜಿನ ಕೋಣೆ ಸಂಖ್ಯೆ ಬರೆದಿರುವವರ ಹತ್ತಿರ ಹೋಗಬೇಡಿ. ಹುಣ್ಣು, ಕೀವು, ವಾಸನೆಯ ಸ್ರಾವ, ಜ್ವರದೊಂದಿಗೆ ಕಿಬ್ಬೊಟ್ಟೆ ನೋವು ಇದ್ದರೆ ಸುರಕ್ಷಾ ಕ್ಲಿನಿಕ್ ಅಥವಾ ಚರ್ಮ ಮತ್ತು ಲೈಂಗಿಕ ರೋಗ ವಿಭಾಗಕ್ಕೆ ಹೋಗಿ, ಸಿಫಿಲಿಸ್ ಮತ್ತು ಎಚ್‌ಐವಿ ರಕ್ತಪರೀಕ್ಷೆಯನ್ನು ನೀವಾಗಿಯೇ ಕೇಳಿ. ಕಾಂಡೋಮ್ ಹರಿದು ಅಥವಾ ಬಲಾತ್ಕಾರವಾಗಿ ಎಚ್‌ಐವಿ ಭಯವಿದ್ದರೆ 72 ಗಂಟೆಯೊಳಗೆ ಆಸ್ಪತ್ರೆ ಸೇರಿ, ತಡೆಯುವ ಔಷಧವಿದೆ. ಚಿಕಿತ್ಸೆ ಮುಗಿಯುವವರೆಗೆ ಕೂಡಬೇಡಿ. ಒಬ್ಬರಿಗೆ ಸೋಂಕು ಸಿಕ್ಕರೆ ಇನ್ನೊಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಇಲ್ಲದಿದ್ದರೆ ಅದು ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಗಂಡನಿಗೆ ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಗಂಡಸರಲ್ಲಿ ಒಂದು ಬೇಡಿಕೆ: ಹೆಂಡತಿಯನ್ನು ಆಸ್ಪತ್ರೆಯ ಬಾಗಿಲಲ್ಲಿ ಬಿಟ್ಟು ಚಹಾದಂಗಡಿಗೆ ಹೋಗಬೇಡಿ, ನೀವೂ ಚೀಟಿ ಮಾಡಿಸಿ ಒಳಗೆ ಬನ್ನಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ 1097ಕ್ಕೆ ಫೋನ್ ಮಾಡಿ; ಅದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ.